ಬಳೆಗಾರನ ಹೆಂಡತಿಯ ವಿಶ್ರಾಂತಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಆಶ್ರಮದ ಹಿರಿಯರೊಬ್ಬರಿಗೆ ವಯಸ್ಸಾಯಿತೆಂದು ಅವರ ಕೆಲಸವನ್ನೆಲ್ಲ ನಾನೇ ಮಾಡುತ್ತ ಬಂದೆ. ಒಂದು ಕಡ್ಡಿ ಎತ್ತಿಡಲೂ ಬಿಡಲಿಲ್ಲ. ಈಗ ಅವರು ಆಶ್ರಮ ಬಿಟ್ಟು ಹೋಗುತ್ತೇನೆ ಅನ್ನುತ್ತಿದ್ದಾರೆ. ನನ್ನ ಸೇವೆಯಲ್ಲಿ ಏನು ಕೊರತೆಯಾಯಿತು?"

ಗುರುಗಳು ಹೇಳಿದರು:

ಒಬ್ಬ ಬಳೆಗಾರನಿದ್ದ. ಪ್ರಾಯದಿಂದಲೂ ಬಳೆಯ ಮಲಾರ ಹೊತ್ತು ಊರೂರು ಸುತ್ತಿದವನು. ಯಾವಾಗಲೋ ಮನೆಗೆ ಬರುವನು, ಬಡಿಸಿದ್ದನ್ನು ಉಂಡು ಮತ್ತೆ ಹೊರಡುವನು. ದೂರದ ದಾರಿಗೆ ಕಾಲು ಒಪ್ಪದಾದಾಗ ಮನೆಯಲ್ಲೇ ಉಳಿದ. ಹೆಂಡತಿ ಬೆಳಗಿನಿಂದ ಬೈಗಿನವರೆಗೆ ದುಡಿಯುವುದನ್ನು ಆಗ ಮೊದಲ ಸಲ ಕಣ್ಣಾರೆ ಕಂಡ.

ಮರುದಿನದಿಂದ ಕಸ ಗುಡಿಸುವವನು ಅವನೇ, ನೀರು ಸೇದುವವನೂ ಅವನೇ. ಅಡಿಗೆ ಕಲಿತ. ಮೊದಮೊದಲು ಅವಳು ಸಂತೋಷಪಟ್ಟಳು. ಆಮೇಲೊಂದು ದಿನ ಮೊರ ಹಿಡಿದು ಕೂತಾಗ ಅವನು ಅದನ್ನು ಕಿತ್ತುಕೊಂಡ.

"ದುಡಿದದ್ದು ಸಾಕು. ಹಾಯಾಗಿ ಕೂತ್ಕೋ."

ಅವಳು ಕೂತಳು. ದಿನ ಕಳೆದಂತೆ ಅವಳ ಊಟ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. ಮಧ್ಯಾಹ್ನವಾದರೆ ಗುಡಿಗೆ ಹೋಗಿ ಬರುತ್ತೇನೆಂದು ಹೊರಡತೊಡಗಿದಳು. ಭಕ್ತಿ ಹೆಚ್ಚಿತೆಂದು ಬಳೆಗಾರ ಹಿಗ್ಗಿದ.

ಒಮ್ಮೆ ಮೋಡ ಕವಿಯಿತೆಂದು ಅವಳನ್ನು ಕರೆತರಲು ಹೋದ. ಗುಡಿಯಲ್ಲಿ ಯಾರೂ ಇರಲಿಲ್ಲ. ಹಿಂದಿರುಗುವಾಗ ನೇಕಾರರ ಹಿತ್ತಲಿನಿಂದ ನಗು ಕೇಳಿಸಿತು. ಅವಳದೇ ನಗು. ಬೇಲಿಯ ಸಂದಿಯಲ್ಲಿ ನೋಡಿದ. ಸೆರಗು ಸಿಕ್ಕಿಸಿಕೊಂಡು, ಆ ಮನೆಯ ಹೆಂಗಸರ ನಡುವೆ ಕೂತು ಪಾತ್ರೆ ಉಜ್ಜುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಯಿತೆಂದು ಅವನಿಗೆ ನೆನಪಾಗಲಿಲ್ಲ.

ಅವಳನ್ನು ಕೂಗಿ ಕರೆದು, ದಾರಿಯಲ್ಲಿ ಕೇಳಿದ: "ನಾನೇನು ಕಡಿಮೆ ಮಾಡಿದೆ? ಪರರ ಮನೆ ಮುಸುರೆ ತಿಕ್ಕುತ್ತೀಯಲ್ಲ!"

"ಅಲ್ಲಿ ನನ್ನನ್ನು ಕೆಲಸಕ್ಕೆ ಕರೀತಾರೆ," ಅಂದಳು. "ನಮ್ಮ ಮನೇಲಿ ನಾನು ನೆಂಟಳು."

ಬಳೆಗಾರನಿಗೆ ಸಿಟ್ಟು ಬಂತು. ಮನೆ ಸೇರಿದವನೇ ಸಿಟ್ಟಿನಲ್ಲೇ ಒಲೆ ಹೊತ್ತಿಸಿ ಎಸರಿಟ್ಟ, ಹಿಟ್ಟು ಸುರಿದ. ಒಂದು ಕೈಯಲ್ಲಿ ಪಾತ್ರೆ ಅದುಮಿ ಹಿಡಿದು ಇನ್ನೊಂದರಲ್ಲಿ ಮುದ್ದೆ ತೊಳಸಲು ಹೋದರೆ, ಎಂದಿನಂತೆ ಪಾತ್ರೆ ಜಾರಿತು, ಹಿಟ್ಟು ಗಂಟುಕಟ್ಟಿತು. ಎಷ್ಟೋ ದಿನಗಳಿಂದ ಇಬ್ಬರೂ ಆ ಗಂಟುಗಳನ್ನು ಸುಮ್ಮನೆ ನುಂಗುತ್ತಿದ್ದರು. ಅವನು ಕೋಲು ಹಿಡಿದು ಕೂತೇ ಇದ್ದ. ಆಮೇಲೆ ಬಾಗಿಲ ಕಡೆ ತಿರುಗಿ, "ನನ್ನಿಂದ ಆಗ್ತಿಲ್ಲ ಕಣೆ," ಅಂದ.

ಅವಳು ಒಳಗೆ ಬಂದಳು. "ಕೋಲು ಇತ್ತ ಕೊಡು. ನೀನು ಪಾತ್ರೆ ಹಿಡ್ಕೋ. ಅಲ್ಲಾಡಿಸಬೇಡ."

"ಅಲ್ಲಾಡಿಸೋದು ನೀನು."

ಅಂದು ಅವರ ಊಟ ಬಹಳ ತಡವಾಯಿತು. ಅವಳು ಇನ್ನೊಂದು ತುತ್ತು ಹಾಕಿಸಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಅಂದರೆ, ಹಿರಿಯರಿಗೆ ಯಾವುದಾದರೂ ಹಗುರವಾದ ಕೆಲಸ ಕೊಡಲೇ?" ಎಂದ.

"ಕೊಡುವವನು ನೀನು ಎಂದು ನಿನಗೆ ಹೇಳಿದವರು ಯಾರು?" ಎಂದರು ಗುರುಗಳು.