ಮಂಗಟ್ಟೆರಾಯನ ಭಾಷಣದ ವರ್ಷ

ಮಂಗಟ್ಟೆ ಹಕ್ಕಿಯೊಂದು ಅತ್ತಿಮರಗಳ ಬಗ್ಗೆ ಪುಸ್ತಕ ಬರೆಯಿತು. ಕಾಡಿಗೆ ಕಾಡೇ ಮೆಚ್ಚಿ ಅವನನ್ನು ಮಂಗಟ್ಟೆರಾಯರೆಂದು ಭಾಷಣಕ್ಕೆ ಕರೆಯತೊಡಗಿತು. ಆಗ ಅವನ ಹೆಂಡತಿ ಪೊಟರೆಯ ಬಾಗಿಲಿಗೆ ಮಣ್ಣು ಮೆತ್ತಿ, ಒಂದು ಕಿಂಡಿ ಮಾತ್ರ ಬಿಟ್ಟುಕೊಂಡು, ಒಳಗೆ ಮರಿಗಳೊಂದಿಗೆ ಕೂತಿದ್ದಳು. ಗಂಡ ತಂದರೆ ಊಟ, ಇಲ್ಲದಿದ್ದರೆ ಉಪವಾಸ.

ಭಾಷಣಕ್ಕೆಂದು ಹೋದ ರಾಯರು ಮೂರು ದಿನದ ಮೇಲೆ ಕೊರಳಲ್ಲಿ ಹಾರ ಹಾಕಿಕೊಂಡು ಮರಳಿದರು. "ಹಣ್ಣಿನ ರುಚಿ ಬಣ್ಣಿಸಿದೆ ನೋಡು, ಇಡೀ ಸಭೆಯ ಬಾಯಲ್ಲಿ ನೀರೂರಿತು ಕಣೇ!"

ಹೆಂಡತಿ ಕಿಂಡಿಯಿಂದ ಕೊಕ್ಕು ಚಾಚಿ, "ಸಂತೋಷ. ಇಲ್ಲಿ ಮರಿಗಳಿಗೆ ಅಳುವ ಶಕ್ತಿಯೂ ಇಲ್ಲ" ಎಂದಳು.

ರಾಯರಿಗೆ ನಾಚಿಕೆಯಾಯಿತು. ಹಾರ ಕಳಚಿ ಎಸೆದು ಅತ್ತಿಮರಕ್ಕೆ ಹಾರಿದರು.

ಹಿಂದಿರುಗುವಾಗ ಮೈನಾ ಅಡ್ಡ ಬಂದು, "ಸ್ವಾಮಿ, ನಾಳೆ ನಮ್ಮಲ್ಲಿ ಎರಡು ಮಾತಾಡಬೇಕು" ಎಂದು ಬೇಡಿಕೊಂಡಿತು.

ರಾಯರು ತುಟಿಪಿಟಕ್ಕೆನ್ನಲಿಲ್ಲ. ಬಾಯಿ ತೆರೆದಿದ್ದರೆ ಹಣ್ಣೆಲ್ಲ ಉದುರಿಬಿಡುತ್ತಿತ್ತು.