ಸವತಿಬಸವನ ಚಿಲುಮೆಯ ಮಹಿಮೆ

ಸಮಸ್ತ ಭಕ್ತಜನರು ಮೊದಲು ಚಿಲುಮೆಯಲ್ಲಿ ಕೈಕಾಲು ತೊಳೆದು ಅನಂತರ ಈ ಮಹಿಮೆಯನ್ನು ಓದತಕ್ಕದ್ದು. ದಣಿದ ಕಾಲಿನಲ್ಲಿ ಓದಿದವರಿಗೆ ಮಾಳವ್ವನ ಸಿಟ್ಟು ಮಾತ್ರ ಅರ್ಥವಾಗುತ್ತದೆ.

ರಾಜಮಾರ್ಗಗಳಿಲ್ಲದ, ಸಾಲುಮರಗಳಿಲ್ಲದ, ಧರ್ಮಛತ್ರವೆಂಬ ಹೆಸರನ್ನೂ ಯಾರೂ ಕೇಳಿರದ ಪುರಾತನ ಯುಗದಲ್ಲಿ, ಪಶ್ಚಿಮಸಮುದ್ರದ ಉಪ್ಪನ್ನು ಎತ್ತುಗಳ ಬೆನ್ನಿಗೇರಿಸಿ ಘಟ್ಟ ಹತ್ತಿಸಿ, ನಿರ್ಜಲವೂ ನಿರ್ವೃಕ್ಷವೂ ಆದ ಈ ಕೆಂಬಯಲನ್ನು ದಾಟಿ ಪೂರ್ವದೇಶದ ಊರುಗಳಿಗೆ ಮುಟ್ಟಿಸುವ ಹೇರಿನವರ ಕುಲದಲ್ಲಿ ಬಯ್ಯಣ್ಣನೆಂಬ ತರುಣನಿದ್ದನು. ಆತನು ಮಾಳವ್ವ ಎಂಬ ಕನ್ಯೆಯನ್ನು ವರಿಸಿ, ತಂದೆಯ ತಂಡದಿಂದ ಬೇರೆಯಾಗಿ, ಪಾಲಿಗೆ ಬಂದ ಎತ್ತುಗಳೊಡನೆ ಸಂಸಾರವನ್ನು ದಾರಿಯ ಮೇಲೆಯೇ ಹೂಡಿದನು. ಸಂಜೆ ಉಪ್ಪಿನ ಚೀಲಗಳನ್ನಿಳಿಸಿ ಗಾಳಿ ಬರುವ ಕಡೆಗೆ ಪೇರಿಸಿದರೆ ಅದೇ ಗೋಡೆ, ಮೇಲೆ ಕಂಬಳಿ ಹೊದಿಸಿದರೆ ಅದೇ ಸೂರು, ಸುತ್ತಲಿಂದ ಆಯ್ದ ಮೂರು ಕಲ್ಲು ಕೂಡಿಸಿದರೆ ಅದೇ ಅಡುಗೆಮನೆ. ಬೆಳಗಾದರೆ ಇಡೀ ಮನೆಯೇ ಮತ್ತೆ ಎತ್ತುಗಳ ಬೆನ್ನೇರಿ ಹೊರಡುತ್ತಿತ್ತು. ಇದರಲ್ಲಿ ಮಾಳವ್ವನಿಗೆ ಯಾವ ದುಃಖವೂ ಇರಲಿಲ್ಲ. ಅವಳೂ ಚೀಲದ ಗೋಡೆಯ ಮರೆಯಲ್ಲೇ ಹುಟ್ಟಿದವಳು.

ಅವಳ ದುಃಖದ ಹೆಸರು ಹಂಡ.

ಹಂಡನು ಕಪ್ಪುಬಿಳುಪು ಮಚ್ಚೆಗಳ ಮುಂದಾಳು ಎತ್ತು. ಹೇರಿನವರು ದಾರಿಯನ್ನು ಕಣ್ಣಿನಿಂದ ಹುಡುಕುವವರಲ್ಲ. ನೀರಿನ ವಾಸನೆಯನ್ನು ದೂರದಿಂದಲೇ ಹಿಡಿಯಬಲ್ಲ ಒಂದು ಎತ್ತಿನ ಕೊರಳಿಗೆ ಕಂಚಿನ ಗಂಟೆ ಕಟ್ಟಿ ಮುಂದೆ ಬಿಟ್ಟು, ಮಿಕ್ಕ ಎತ್ತುಗಳು ಗಂಟೆಯ ಸದ್ದಿನ ಹಿಂದೆ, ಯಜಮಾನನು ಎಲ್ಲಕ್ಕೂ ಹಿಂದೆ ಧೂಳಿನಲ್ಲಿ ನಡೆಯುವುದು ಅವರ ಪದ್ಧತಿ. ಅಂಥ ಎತ್ತಿಗೆ ಹೆಂಚಿನಿಂದಿಳಿದ ಮೊದಲ ರೊಟ್ಟಿ ಸಲ್ಲತಕ್ಕದ್ದೆಂಬುದೂ ಪದ್ಧತಿಯೇ. ಹಸಿ ಕಟ್ಟಿಗೆಯ ಹೊಗೆಗೆ ಕಣ್ಣೀರು ಸುರಿಸುತ್ತ ಮಾಳವ್ವ ಬೇಯಿಸಿದ ಮೊದಲ ರೊಟ್ಟಿ ದಿನವೂ ಹಂಡನ ಬಾಯಿಗೆ ಹೋಗುತ್ತಿತ್ತು. ರೊಟ್ಟಿ ಹೋದರೆ ಹೋಗಲಿ, ಬಯ್ಯಣ್ಣನ ಮಾತೂ ಅಲ್ಲಿಗೇ ಹೋಗುತ್ತಿತ್ತು. ಬಿಡಾರ ಹೂಡಿದ ಕೂಡಲೇ ಆತನು ಹಂಡನ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು, ಅಪ್ಪಾ, ರಾಜಾ ಎಂದು ರಮಿಸುತ್ತ ಮುಳ್ಳು ಹುಡುಕುವನು. ಹೆಂಡತಿಯ ಹಿಮ್ಮಡಿಯಲ್ಲಿ ಮುರಿದ ಜಾಲಿಮುಳ್ಳು ಕೀವುಗಟ್ಟಿದ್ದು ಆ ಮಹಾನುಭಾವನ ಕಣ್ಣಿಗೆ ಬೀಳಲಿಲ್ಲ. ಅವಳು ಬಸುರಿಯಾಗಿದ್ದಳು. ಅದನ್ನು ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ, "ತಡಿಯೇ, ಹಂಡ ಯಾಕೋ ಕಿವಿ ಆಡಿಸ್ತಾನೆ" ಎಂದು ಎದ್ದುಹೋಗುತ್ತಿದ್ದನು.

ಒಂದು ಸಂಜೆ ಅವಳು ತಡೆಯಲಾರದೆ, "ನಿನ್ನ ಎತ್ತಿಗೇ ತಾಳಿ ಕಟ್ಟಬೇಕಿತ್ತು, ನನಗ್ಯಾಕೆ ಕಟ್ಟಿದಿ?" ಎಂದಳು.

"ಅವನಿಗೆ ಆಗಲೇ ಗಂಟೆ ಕಟ್ಟೀನಲ್ಲ" ಎಂದು ಬಯ್ಯಣ್ಣ ನಕ್ಕನು.

ತಮಾಷೆಗೆ ಆಡಿದ ಮಾತು. ಆದರೆ ಅದು ಮಾಳವ್ವನ ಹೊಟ್ಟೆಯಲ್ಲಿ ಉರಿಯತೊಡಗಿತು. ಎತ್ತಿನ ಮೇಲೂ ಮತ್ಸರವೇ ಎಂದು ನಗುವವರು ನಗಲಿ. ಎದುರಿಗಿರುವ ಪ್ರಾಣಿಗೆ ಎರಡು ಕಾಲೋ ನಾಲ್ಕು ಕಾಲೋ ಎಂದು ಎಣಿಸಿ ಹುಟ್ಟುವ ಮತ್ಸರವನ್ನು ನಾವಂತೂ ಕಂಡಿಲ್ಲ.

ಮರುದಿನ ಅರುಣೋದಯಕಾಲದಲ್ಲಿ, ಗಂಡನು ಹಳ್ಳದ ಗುಂಡಿಗೆ ಮುಖ ತೊಳೆಯಲು ಹೋದದ್ದೇ ತಡ, ಅವಳು ಹಂಡನ ಕೊರಳಿನಿಂದ ಗಂಟೆಯನ್ನು ಬಿಚ್ಚಿ, ದಾರಿಯ ಗಂಧವನ್ನೇ ಅರಿಯದ ಒಂದು ಕೆಂದೆತ್ತಿಗೆ ಕಟ್ಟಿ, ಹಂಡನನ್ನು ಸಾಲಿನ ನಡುವಿಗೆ ದೂಡಿದಳು. ಒಂದು ದಿನವಾದರೂ ಇವನು ಹತ್ತರಲ್ಲಿ ಹನ್ನೊಂದಾಗಿ ನಡೆಯಲಿ ಎಂಬುದಷ್ಟೇ ಅವಳ ಆಸೆ. ಹಿಂದೆ ಬರುವವನಿಗೆ ಕಾಣುವುದು ಧೂಳು, ಕೇಳುವುದು ಗಂಟೆ. ಬಯ್ಯಣ್ಣನು ನಿಶ್ಚಿಂತನಾಗಿ ನಡೆದನು. ಕವಲುದಾರಿಯಲ್ಲಿ ಹಂಡನು ನಿಂತು, ಮೂಗನ್ನು ಬಡಗಣಕ್ಕೆ ಎತ್ತಿ, ಮಾಳವ್ವನ ಮುಖವನ್ನೇ ನೋಡಿದನು. ಅವಳು ಕೋಲಿನಿಂದ ತಿವಿದು, "ನಡಿ, ನಡಿ! ಇವತ್ತು ನಿನ್ನ ಯಜಮಾನಿಕೆ ಇಲ್ಲ" ಎಂದು ಮೂಡಣಕ್ಕೆ ಹೊಡೆದಳು.

ಕೆಂದೆತ್ತು ಹಸಿರು ಕಂಡ ಕಡೆಗೆ ನಡೆಯಿತು, ಹಸಿರೆಲ್ಲ ಕಳ್ಳಿಯಾಗಿತ್ತು. ಮಧ್ಯಾಹ್ನದ ಮಾರ್ತಾಂಡನು ನೆತ್ತಿಯನ್ನು ಸುಡುತ್ತಿರಲು, ದಿಕ್ಕುದಿಕ್ಕಿಗೂ ಕಾದ ಬಂಡೆಯಲ್ಲದೆ ಬೇರೇನೂ ಇಲ್ಲದ ಈ ಸ್ಥಳಕ್ಕೆ ಬಂದು ಎತ್ತುಗಳು ಒಂದೊಂದಾಗಿ ಕುಸಿದವು. ನೀರಿನ ತೊಗಲಚೀಲ ಒಣಗಿಹೋಗಿತ್ತು. ಬಯ್ಯಣ್ಣನು ಮುಂದೆ ಓಡಿಬಂದು ಕೆಂದೆತ್ತಿನ ಕೊರಳಲ್ಲಿ ಗಂಟೆಯನ್ನು ಕಂಡು, ತಲೆ ತಲೆ ಚಚ್ಚಿಕೊಂಡು, "ನನ್ನ ಕಣ್ಣಿಗೇನು ಮಂಕು ಬಡಿದಿತ್ತು! ಬೆಳಿಗ್ಗೆ ತಪ್ಪಿ ಕಟ್ಟಿಬಿಟ್ಟೆ. ಹಂಡಾ, ನನ್ನನ್ನು ಕ್ಷಮಿಸಪ್ಪಾ" ಎಂದು ಎತ್ತಿನ ಕಾಲಿಗೆ ಬಿದ್ದನು.

ಮಾಳವ್ವನಿಗೆ ಅದನ್ನು ಸಹಿಸಲಾಗಲಿಲ್ಲ. ತಾನು ಮಾಡಿದ ತಪ್ಪಿನಲ್ಲೂ ಗಂಡನಿಗೆ ತನ್ನ ನೆನಪು ಬರಲಿಲ್ಲವಲ್ಲ ಎಂಬ ಸಂಕಟ ಸಾವಿನ ಭಯವನ್ನೂ ಮೀರಿಸಿತು.

"ನೀನಲ್ಲ, ನಾನು! ನಾನೇ ಬಿಚ್ಚಿದ್ದು!" ಎಂದು ಅವಳು ಕೂಗಿದಳು. "ಹೊಟ್ಟೆ ಉರೀತು, ಬಿಚ್ಚಿದೆ. ಮೊದಲ ರೊಟ್ಟಿ ಅದಕ್ಕೆ, ಮೊದಲ ಮಾತು ಅದಕ್ಕೆ. ನನ್ನ ಕಾಲಾಗಿನ ಮುಳ್ಳು ನೋಡಿದಿಯೇನು? ನನ್ನ ಹೊಟ್ಟಿಯಾಗೆ ನಿನ್ನ ಕೂಸೈತಿ, ಗೊತ್ತೇನು ನಿನಗೆ?"

ಬಯ್ಯಣ್ಣನು ಬೆಪ್ಪಾಗಿ, "ಎತ್ತಿನ ಮ್ಯಾಲೆ ಹೊಟ್ಟೆಕಿಚ್ಚೇ?" ಎಂದನು.

"ಹೂಂ, ಎತ್ತಿನ ಮ್ಯಾಲೇ. ನಗಬ್ಯಾಡ."

ಆತನು ನಗಲಿಲ್ಲ. ಆಗ ನೆಲಕ್ಕೊರಗಿದ್ದ ಹಂಡನು ಮೆಲ್ಲನೆ ಎದ್ದು, ಹೇರಿನ ಭಾರದೊಡನೆಯೇ ಮಾಳವ್ವನ ಮುಂದೆ ಬಂದು, ಮುಂಗಾಲು ಮಡಿಸಿ ಮಂಡಿಯೂರಿದನು. ಆ ಮಂಡಿಯ ಪೆಟ್ಟಿಗೆ ಬಂಡೆಯು ಬಿರಿದು, ಶೀತಲವೂ ಮಧುರವೂ ಆದ ನಿರ್ಮಲಜಲವು ಬುಗ್ಗೆಯಾಗಿ ಚಿಮ್ಮಿತು. ಬಯ್ಯಣ್ಣನು ಬೊಗಸೆ ತುಂಬಿಕೊಂಡು ಎದ್ದು ನಿಂತನು. ಒಂದು ಕಡೆ ನಾಲಿಗೆ ಹೊರಚಾಚಿದ ಎತ್ತು, ಇನ್ನೊಂದು ಕಡೆ ತುಟಿಯೊಡೆದ ಹೆಂಡತಿ. ಬೆರಳಸಂದಿಯಿಂದ ನೀರು ಸೋರುತ್ತಿತ್ತು. ಮಾಳವ್ವ ಆ ಬೊಗಸೆಯನ್ನೇ ನೋಡುತ್ತಿದ್ದಳು. ಆತನು ಹಂಡನ ಕಡೆಗೆ ಒಂದು ಹೆಜ್ಜೆಯಿಟ್ಟವನು ತಿರುಗಿ ಅವಳ ಬಾಯಿಗೆ ಬೊಗಸೆಯೊಡ್ಡಿದನು. ಅವಳು ಕುಡಿದಳು. ಎರಡನೆಯ ಬೊಗಸೆಯೊಡನೆ ಹಿಂತಿರುಗಿ ನೋಡಿದರೆ, ಹಂಡನು ಮಂಡಿಯೂರಿದ ಭಂಗಿಯಲ್ಲಿಯೇ ಕಲ್ಲಾಗಿದ್ದನು.

ಆ ಕ್ಷಣದಲ್ಲಿ ಗಗನಮಂಡಲದಿಂದ ಗಂಭೀರವಾಣಿಯೊಂದು ಕೇಳಿಬಂದಿತು: "ಎಲೈ ದಂಪತಿಗಳಿರಾ, ಶೋಕಿಸದಿರಿ. ಈತನು ನನ್ನ ಪ್ರಮಥಗಣದವನು. ನಾನು ಗಿರಿಜೆಯ ಮಾತಿಗೆ ಮೊದಲು ಕಿವಿಗೊಟ್ಟೆನೆಂದು ಮತ್ಸರಪಟ್ಟು, ಭೂಲೋಕದಲ್ಲಿ ಹೇರು ಹೊರುವಂತೆ ಶಪ್ತನಾದನು. ಮೊದಲ ಬೊಗಸೆಯು ಅನ್ಯರಿಗೆ ಸಂದುದನ್ನು ಕಂಡೂ ಮುನಿಯದ ದಿನವೇ ಶಾಪವಿಮೋಚನೆಯೆಂದು ನಿಯಮವಿತ್ತು. ಇಂದು ಈತನು ಮುನಿಯಲಿಲ್ಲ. ಈ ಜಲವು ಎಂದಿಗೂ ಬತ್ತದಿರಲಿ. ಮತ್ಸರವನ್ನು ಬಚ್ಚಿಡದೆ ಇಲ್ಲಿ ಬಾಯಿಬಿಟ್ಟು ನುಡಿದವರ ಎದೆಯು ಹಗುರಾಗಲಿ."

ವಾಣಿ ಅಡಗಿತು. ಬಯ್ಯಣ್ಣನು ಕಲ್ಲಿನ ಕೊರಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತನು. ಪಾಪ, ಇವನದೂ ನನ್ನಂಥದೇ ಹೊಟ್ಟೆಕಿಚ್ಚಾಗಿತ್ತಲ್ಲ ಎಂದು ಮಾಳವ್ವನಿಗೆ ಎತ್ತಿನ ಮೇಲೆ ಕನಿಕರ ಹುಟ್ಟಿತು. ಆದರೆ ಗಂಡನ ಅಳು ನಿಲ್ಲದಿದ್ದಾಗ ಆ ಕನಿಕರ ಬೇಗನೆ ತೆಳುವಾಯಿತು. "ಮುಳ್ಳು ತೆಗೀತೀಯೋ, ಇಲ್ಲಾ ಅದನ್ನೇ ತಬ್ಬಿಕೊಂಡು ಕೂತಿರ್ತೀಯೋ?" ಎಂದಳು. ಆತನು ಕಣ್ಣೊರೆಸಿಕೊಳ್ಳುತ್ತ ಬಂದು ಅವಳ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡನು.

ಬಯ್ಯಣ್ಣನು ಹಂಡನನ್ನು ಬಿಟ್ಟು ಮುಂದೆ ಹೋಗಲೊಲ್ಲದೆ ಇಲ್ಲಿಯೇ ಕಲ್ಲಿನ ಗೋಡೆಯ ಮನೆ ಕಟ್ಟಿದನು. ಹೀಗೆ ದಾರಿಯ ಸಂಸಾರವು ನಿಂತು ಈ ಊರಾಯಿತು. ಸವತಿಯಿಂದ ದೂರ ನಡೆದುಹೋಗುವ ಅವಕಾಶವೂ ಮಾಳವ್ವನಿಗೆ ತಪ್ಪಿತು. ಆದರೂ ಬದುಕಿದ್ದಷ್ಟು ದಿನ ಪ್ರಾತಃಕಾಲದಲ್ಲಿ ಮೊದಲ ಬೊಗಸೆ ನೀರನ್ನು ಅವಳೇ ಹಂಡನ ಮೂತಿಗೆ ಎರೆಯುತ್ತಿದ್ದಳು. ಗಂಡನಿಗೆ ಆ ಕೆಲಸವನ್ನು ಬಿಟ್ಟುಕೊಡಲಿಲ್ಲ. ಇಂದಿಗೂ ಯಾತ್ರಿಕರು ಬಸವನ ಮೂತಿಯನ್ನು ತೋಯಿಸದೆ ಚಿಲುಮೆಯ ನೀರನ್ನು ಕುಡಿಯತಕ್ಕದ್ದಲ್ಲ. ಗಂಡನ ಮೇಲೋ, ವಾರಗಿತ್ತಿಯ ಮೇಲೋ, ನೆರೆಮನೆಯ ಕರೆಯುವ ಎಮ್ಮೆಯ ಮೇಲೋ ಹೊಟ್ಟೆಕಿಚ್ಚಿರುವ ಹೆಂಗಸರು, ಮತ್ತು ಒಪ್ಪಿಕೊಳ್ಳುವ ಧೈರ್ಯವಿದ್ದರೆ ಗಂಡಸರೂ, ಅದನ್ನು ಬಸವನ ಕಿವಿಯಲ್ಲಿ ಗಟ್ಟಿಯಾಗಿಯೇ ಹೇಳುತ್ತಾರೆ.

ಬಯ್ಯಣ್ಣನು ಮೊದಲು ಕಾಲವಾದನು. ತನ್ನನ್ನು ಹಂಡನ ಮಗ್ಗುಲಲ್ಲಿಯೇ ಮಣ್ಣುಮಾಡಬೇಕೆಂದು ಆತನು ಕೇಳಿಕೊಂಡಿದ್ದನು. ಮಕ್ಕಳು ಹಾಗೆಯೇ ಮಾಡಿ ಒಂದು ಕಲ್ಲು ನೆಟ್ಟರು. ಮಾಳವ್ವ ತನ್ನ ಕಡೆಗಾಲದಲ್ಲಿ ಹಿರಿಯ ಮಗಳನ್ನು ಕರೆದು, "ನನ್ನನ್ನು ಅವರಿಬ್ಬರ ನಡುವೆ ಇಡು" ಎಂದಳು.

"ಅಲ್ಲಿ ಜಾಗ ಇಲ್ಲವ್ವಾ" ಎಂದಳು ಮಗಳು.

"ಮಾಡು" ಎಂದಳು ಮಾಳವ್ವ.

ಭಕ್ತರು ಈಗಲೂ ಪ್ರದಕ್ಷಿಣೆಯಲ್ಲಿ ನೋಡಬಹುದು: ಬಲಕ್ಕೆ ಮಂಡಿಯೂರಿದ ಬಸವ, ಎಡಕ್ಕೆ ಬಯ್ಯಣ್ಣನ ಕಲ್ಲು, ನಡುವೆ ಬೆರಳು ತೂರುವಷ್ಟೂ ಸಂದಿ ಬಿಡದೆ ನಿಂತಿರುವ ಮಾಳವ್ವನ ಕಲ್ಲು.