ನೀಲಿ ಮೀನಿನ ಕಲ್ಲು

ಹೊಳೆ ಕಡಲಿಗೆ ಸೇರುವ ಕಡೆ ಒಂದು ಆಶ್ರಮ. ಆಶ್ರಮ ಅಂದರೆ ಎರಡು ಕೋಣೆ, ಒಂದು ಜಗುಲಿ. ಜಗುಲಿಯ ಮೇಲೆ ಗಾಜಿನ ಟ್ಯಾಂಕು. ಅದರಲ್ಲಿ ಕಡಲ ನೀರು, ಹವಳದ ಕಲ್ಲು, ಏಳು ಮೀನು.

ಅಲ್ಲಿನ ಗುರುಗಳು ಹೆಚ್ಚು ಮಾತಾಡುವವರಲ್ಲ. ಏನಾದರೂ ಕೇಳಲು ಬಂದವರನ್ನು ಟ್ಯಾಂಕಿನ ಮುಂದೆ ಕೂರಿಸುತ್ತಿದ್ದರು. ಅರ್ಧ ಜನ ಅಲ್ಲಿಂದಲೇ ಎದ್ದು ಹೋಗುತ್ತಿದ್ದರು.

ಜಟ್ಟಿ ಎದ್ದು ಹೋಗಿರಲಿಲ್ಲ. ಅವನು ದೋಣಿ ಎಂಜಿನ್ ರಿಪೇರಿ ಮಾಡುವವ. ಆರು ವರ್ಷದಿಂದ ಗುರುಗಳ ಶಿಷ್ಯ. ಅವರಿಂದ ಕಲಿತು ಮನೆಯಲ್ಲೂ ಒಂದು ಟ್ಯಾಂಕು ಮಾಡಿದ್ದ. ಹೆಂಡತಿ ಗಿರಿಜೆ ಹಾಸಿಗೆ ಹಿಡಿದಿದ್ದಳು. ಮಲಗಿದಲ್ಲಿಂದ ನೋಡಲಿ ಅಂತ.

ಗಿರಿಜೆ ಹೋಗಿ ಒಂದು ವರ್ಷ ಆಗಿತ್ತು. ಟ್ಯಾಂಕಿನಲ್ಲಿ ಒಂದೇ ಮೀನು ಉಳಿದಿತ್ತು. ಹೆಬ್ಬೆರಳಷ್ಟು ನೀಲಿ ಮೀನು. ಬಾಲ ಮಾತ್ರ ಹಳದಿ.

ಒಂದು ಬೆಳಿಗ್ಗೆ ಜಟ್ಟಿ ಆಶ್ರಮಕ್ಕೆ ಬಂದ. ಅಂಗೈಯಲ್ಲಿ ಸತ್ತ ಮೀನು ಇತ್ತು.

“ಇದು ಎರಡನೆಯದು, ಗುರುಗಳೇ. ನೀಲಿಯದು ಕಚ್ಚಿ ಕಚ್ಚಿ ಕೊಂದಿತು.”

“ಮೊದಲನೆಯದು ಯಾವುದು?”

“ಅದರ ಜಾತಿಯದೇ. ನೀಲಿಯೇ. ತನ್ನವ ಅಂತ ಸೇರಿಸಿಕೊಳ್ಳುತ್ತೆ ಅಂದುಕೊಂಡೆ. ಸಂಜೆಯೊಳಗೆ ಮುಗಿಸಿತು.”

“ಒಂದೇ ಆಕಾರ, ಒಂದೇ ಬಣ್ಣ, ಒಂದೇ ಊಟ. ಅದಕ್ಕೆ ಅವ ನೆಂಟ ಅಲ್ಲ ಮಾರಾಯ. ಪಾಲು ಕೇಳಲು ಬಂದವ. ಇದು?”

“ಕಿತ್ತಳೆ ಬಣ್ಣ, ಬಿಳಿ ಪಟ್ಟೆ. ಮೂರು ದಿನ ಬದುಕಿತ್ತು.”

“ನೀನು ಮೀನು ಸಾಕುತ್ತಿಲ್ಲ ಜಟ್ಟಿ. ಮೀನಿಗೆ ಮೀನು ಹಾಕುತ್ತಿದ್ದೀಯ.”

ಜಟ್ಟಿ ನಗಲಿಲ್ಲ.

“ಅದು ಒಂಟಿಯಾಗಿ ಸುತ್ತುವುದು ನೋಡಲಿಕ್ಕೆ ಆಗುವುದಿಲ್ಲ. ಅದಕ್ಕೆ ಹೊಂದುವ ಮೀನು ಯಾವುದು, ಹೇಳಿ. ಎಷ್ಟು ದೂರದಿಂದಾದರೂ ತರುತ್ತೇನೆ.”

ಗುರುಗಳು ಎದ್ದರು. ತಮ್ಮ ಟ್ಯಾಂಕಿನಲ್ಲಿ ಬಟ್ಟಲು ಮುಳುಗಿಸಿದರು. ಒಂದು ಪುಟ್ಟ ಅರಿಶಿನ ಬಣ್ಣದ ಮೀನನ್ನು ಮೆಲ್ಲಗೆ ಎತ್ತಿ, ನೀರಿನ ಸಮೇತ ಪ್ಲಾಸ್ಟಿಕ್ ಕೊಟ್ಟೆಗೆ ಬಿಟ್ಟು, ಚೀಲದ ಬಾಯಿ ಕಟ್ಟಿದರು.

“ಇದು ತಳದ ಮೀನು. ಮರಳ ಮೇಲೆ ಕೂತಿರುತ್ತೆ. ಯಾರ ತಂಟೆಗೂ ಹೋಗುವುದಿಲ್ಲ.”

“ಹಾಗಾದರೆ ಇದು ಹೊಂದುತ್ತೆ!”

“ಗೊತ್ತಿಲ್ಲ. ನಿನ್ನ ಮನೆ ನೋಡಿಲ್ಲ. ನಡಿ.”

ಇಬ್ಬರೂ ದಂಡೆ ಹಿಡಿದು ನಡೆದರು. ಕೊಟ್ಟೆ ಜಟ್ಟಿಯ ಕೈಯಲ್ಲಿತ್ತು.

“ಊಟಕ್ಕೆ ಎಂತ ಮಾಡುತ್ತೀ?”

“ಮಾದೇವಿ ಅಕ್ಕ ಬಂದಿದ್ದಾಳೆ. ಬಾವ ತೀರಿಕೊಂಡ ಮೇಲೆ ಅವಳೂ ಒಬ್ಬಳೇ. ನನ್ನ ಜೊತೆಗೇ ಇರು ಅಂದಿದ್ದೆ. ಇವತ್ತು ವಾಪಸು ಹೋಗುತ್ತಾಳಂತೆ.”

“ಯಾಕೆ?”

“ಹೊಂದಲಿಲ್ಲ.”

ಸ್ವಲ್ಪ ದೂರ ಹೋದ ಮೇಲೆ ಜಟ್ಟಿಯೇ ಅಂದ:

“ಅವಳು ಹೋದರೆ ಮನೆಯಲ್ಲಿ ಮತ್ತೆ ಟ್ಯಾಂಕಿನ ಪಂಪಿನ ಸದ್ದು ಒಂದೇ.”

ಮನೆಯ ಜಗುಲಿಯಲ್ಲಿ ತಗಡಿನ ಪೆಟ್ಟಿಗೆ ಇತ್ತು. ಪಕ್ಕದಲ್ಲಿ ಮಾದೇವಿ, ಒಳ್ಳೆ ಸೀರೆ ಉಟ್ಟು ಕೂತಿದ್ದಳು.

“ಎಲ್ಲಿಗೆ ತಂಗಿ?” ಅಂದರು ಗುರುಗಳು.

“ಹನ್ನೆರಡು ಗಂಟೆ ಬಸ್ಸಿಗೆ, ಸ್ವಾಮೀ. ಬಂದು ಎರಡು ತಿಂಗಳಾಯಿತು. ಸಾಕು.”

“ಎಂತ ಆಯಿತು?”

“ಎಂತದೂ ಇಲ್ಲ. ನಾನು ಎಡಗೈಯವಳು. ಉಪ್ಪಿನ ಡಬ್ಬಿ ಒಲೆಯ ಎಡಕ್ಕೆ ಇಟ್ಟುಕೊಳ್ಳುತ್ತೇನೆ. ಇವ ಬಂದು ಬಲಕ್ಕೆ ಇಡುತ್ತಾನೆ. ನಾನು ಎಡಕ್ಕೆ. ಇವ ಬಲಕ್ಕೆ. ಮೊನ್ನೆ ಕೂಗಿದ ನೋಡಿ, ಇಡೀ ಕೇರಿಗೆ ಕೇಳಿತು.”

“ಅದು ಗಿರಿಜೆ ಇಟ್ಟ ಜಾಗ,” ಅಂದ ಜಟ್ಟಿ. ನೆಲ ನೋಡುತ್ತಿದ್ದ.

“ಗಿರಿಜೆ ನನಗೂ ಬೇಕಾದವಳೇ ತಮಾ. ಆದರೆ ಈಗ ಅಡುಗೆ ಮಾಡುವುದು ನಾನಲ್ಲವಾ?” ಅಂದಳು. ಗುರುಗಳ ಕಡೆ ತಿರುಗಿದಳು. “ಒಳಗೆ ಹೋಗಿ ನೋಡಿ ಸ್ವಾಮೀ. ಆ ನೀಲಿ ಮೀನಿಗೂ ಇವನಿಗೂ ಒಂದೇ ಮೂತಿ.”

ಒಳಗೆ ಖಾಲಿ ಮಂಚ. ಮಂಚದ ಎದುರು ಟ್ಯಾಂಕು. ಎರಡು ಕಲ್ಲು ನಿಲ್ಲಿಸಿ, ಮೇಲೊಂದು ಅಡ್ಡ ಇಟ್ಟು, ಬಾಗಿಲ ಹಾಗೆ ಮಾಡಿತ್ತು. ಆ ಬಾಗಿಲಲ್ಲಿ ನೀಲಿ ಮೀನು ನಿಂತಿತ್ತು.

ಗುರುಗಳು ಗಾಜಿಗೆ ಬೆರಳಿಟ್ಟರು. ಮೀನು ಹಾರಿ ಬಂದು ಗಾಜಿಗೆ ಗುದ್ದಿತು. ಮತ್ತೆ ಬಾಗಿಲಿಗೇ ಹೋಗಿ ನಿಂತಿತು.

“ಕಲ್ಲು ಯಾರು ಜೋಡಿಸಿದ್ದು?”

“ಗಿರಿಜೆ. ಮಲಗಿದಲ್ಲಿಂದ ಕೈ ತೋರಿಸುತ್ತಿದ್ದಳು. ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ಅನ್ನುತ್ತಿದ್ದಳು. ನಾನು ಇಡುತ್ತಿದ್ದೆ. ಅರ್ಧ ದಿನ ಹಿಡಿಯಿತು.”

“ಆಮೇಲೆ?”

“ಆಮೇಲೆ ಮುಟ್ಟಿಲ್ಲ.”

ಗುರುಗಳು ಕೊಟ್ಟೆಯನ್ನು ಟ್ಯಾಂಕಿನ ನೀರ ಮೇಲೆ ತೇಲಿಬಿಟ್ಟರು. ಬಾಯಿ ಬಿಚ್ಚಿ ಅಂಚನ್ನು ಗಾಜಿಗೆ ಸಿಕ್ಕಿಸಿದರು. ಅಡುಗೆಮನೆಯಿಂದ ಸೌಟು ತರಿಸಿ, ಟ್ಯಾಂಕಿನ ನೀರು ಒಂದು ಸೌಟು ಅದರೊಳಗೆ ಹೊಯ್ದರು.

“ಇದಕ್ಕೆ ಈ ನೀರು ಒಗ್ಗಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ನೀನು ಕಲ್ಲು ತೆಗೆ.”

“ಯಾವ ಕಲ್ಲು?”

“ಮೂರೂ. ತೆಗೆದು ಬೇರೆ ಹಾಗೆ ಜೋಡಿಸು.”

“ಆಗುವುದಿಲ್ಲ.”

“ಹಾಗಾದರೆ ಈ ಮೀನು ನಾನು ವಾಪಸು ಒಯ್ಯುತ್ತೇನೆ. ಕೊಲ್ಲಿಸಲಿಕ್ಕೆ ತಂದದ್ದಲ್ಲ.”

“ಬೇರೆ ಮೀನು ಇಲ್ಲವಾ ಗುರುಗಳೇ? ಇದಕ್ಕಿಂತ ಸಾಧು?”

“ಸತ್ತ ಮೀನೊಂದೇ ಇದಕ್ಕಿಂತ ಸಾಧು. ಅದನ್ನು ನೀನು ಬೆಳಿಗ್ಗೆ ತಂದಿದ್ದೆ.”

ಪಂಪು ಗುಳುಗುಳು ಅನ್ನುತ್ತಿತ್ತು. ಗುರುಗಳು ಇನ್ನೊಂದು ಸೌಟು ನೀರು ಹೊಯ್ದರು.

“ತೆಗೆದರೆ ಅವಳು ಇಟ್ಟಿದ್ದು ಹೋಯಿತು.”

ಗುರುಗಳು ಮತ್ತೆ ಟ್ಯಾಂಕಿಗೆ ಕೈ ಚಾಚಿದರು. ಮತ್ತೊಂದು ಸೌಟು.

ಬಹಳ ಹೊತ್ತು ಆಯಿತು. ಜಟ್ಟಿ ಅಂಗಿಯ ತೋಳು ಮಡಚಿದ. ಕೈಯನ್ನು ಮೊಣಕೈವರೆಗೆ ನೀರಿಗೆ ಇಳಿಸಿದ. ನೀಲಿ ಮೀನು ಬಂದು ಬೆರಳು ಕಚ್ಚಿತು. ಕೈ ಹಿಂದೆಗೆಯಲಿಲ್ಲ.

ಮೇಲಿನ ಕಲ್ಲು ಎತ್ತಿದ. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ಕಲ್ಲಿನ ಅಡಿಯಲ್ಲಿ ಒಂದು ವರ್ಷದ ಕಸ ಕೂತು ಮರಳು ಕಪ್ಪಾಗಿತ್ತು. ನೀರೆಲ್ಲ ಕದಡಿತು. ಏನೂ ಕಾಣಲಿಲ್ಲ.

ಜಟ್ಟಿ ಕಾದ. ನೀರು ತಿಳಿಯಾಗುತ್ತಾ ಬಂತು. ಒಂದು ಕಲ್ಲನ್ನು ಅಡ್ಡ ಮಲಗಿಸಿದ. ಅದಕ್ಕೆ ಇನ್ನೊಂದನ್ನು ಒರಗಿಸಿದ. ಮೂರನೆಯದನ್ನು ಕೈಯಲ್ಲಿ ಹಿಡಿದು ನಿಂತ. ಈ ಸಲ ಎಲ್ಲಿಗೆ ಅಂತ ಹೇಳುವವರು ಯಾರೂ ಇರಲಿಲ್ಲ.

ಎಲ್ಲೋ ಒಂದು ಕಡೆ ಇಡಲು ಹೋದ.

“ಬೀಳುತ್ತೆ ತಮಾ. ಇನ್ನೂ ಸ್ವಲ್ಪ ಎಡಕ್ಕೆ.”

ಮಾದೇವಿ ಬಾಗಿಲಲ್ಲಿ ನಿಂತಿದ್ದಳು. ನೀರು ಕುಡಿಯಲು ಒಳಗೆ ಬಂದವಳು.

ಜಟ್ಟಿ ಅವಳನ್ನು ನೋಡಿದ. ಕಲ್ಲನ್ನು ಸ್ವಲ್ಪ ಎಡಕ್ಕೆ ಇಟ್ಟ. ಅದು ಗಟ್ಟಿಯಾಗಿ ಕೂತಿತು.

ಗುರುಗಳು ಅರಿಶಿನ ಬಣ್ಣದ ಮೀನನ್ನು ಬಟ್ಟಲಲ್ಲಿ ಎತ್ತಿ ಟ್ಯಾಂಕಿಗೆ ಬಿಟ್ಟರು. ಅದು ನೇರ ತಳಕ್ಕೆ ಇಳಿದು ಮರಳ ಮೇಲೆ ಕೂತಿತು.

ನೀಲಿ ಮೀನು ತನ್ನ ಬಾಗಿಲು ಹುಡುಕುತ್ತಿತ್ತು. ಆ ಮೂಲೆಗೆ ಹೋಯಿತು. ಈ ಮೂಲೆಗೆ ಬಂತು. ಹೊಸ ಮೀನಿನ ಹತ್ತಿರ ಬಂದು ನಿಂತಿತು.

ಮೂವರೂ ಗಾಜಿನ ಹತ್ತಿರ ಬಗ್ಗಿದರು.

ನೀಲಿ ಮೀನು ಒಮ್ಮೆ ಸುತ್ತಿ ನೋಡಿತು. ಮುಂದೆ ಹೋಯಿತು. ಅದಕ್ಕೆ ಬೇರೆ ಕೆಲಸ ಇತ್ತು. ರಾತ್ರಿಗೆ ಮಲಗಲು ಜಾಗ ಬೇಕಿತ್ತು.

“ಕಚ್ಚಲಿಲ್ಲ,” ಅಂದ ಜಟ್ಟಿ.

“ಕಾಯಲಿಕ್ಕೆ ಬಾಗಿಲೇ ಇಲ್ಲ. ಎಲ್ಲಿ ನಿಂತು ಕಚ್ಚುತ್ತೆ?” ಅಂದರು ಗುರುಗಳು.

ಮಾದೇವಿ ನೀರು ಕುಡಿದು ಮತ್ತೆ ಪೆಟ್ಟಿಗೆಯ ಪಕ್ಕ ಹೋಗಿ ಕೂತಳು. ಗಂಟೆ ಹನ್ನೊಂದೂವರೆ ಆಗಿತ್ತು.

ಗುರುಗಳು ಹಿತ್ತಿಲ ಬಾಗಿಲಿಂದ ಹೊರಟರು. ಜಟ್ಟಿ ಹಿಂದೆಯೇ ಬಂದ. ಒದ್ದೆ ಕೈ ಒರೆಸಿಕೊಂಡಿರಲಿಲ್ಲ. ದನಿ ತಗ್ಗಿಸಿ ಕೇಳಿದ:

“ಅಕ್ಕನಿಗೆ ಏನು ಹೇಳಿ ನಿಲ್ಲಿಸಲಿ ಗುರುಗಳೇ?”

“ಏನೂ ಹೇಳಬೇಡ. ಉಪ್ಪಿನ ಡಬ್ಬಿ ಎಲ್ಲಿಡಲಿ ಅಂತ ಕೇಳು.”